ಕುಮಟಾದಲ್ಲಿರುವ ನಮ್ಮ ತಂದೆಯವರ ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತದಲ್ಲಿದೆ. ಇಮ್ಯುನೊಥೆರಪಿಯ ಜೊತೆಗೆ ವಿಕಿರಣ ಚಿಕಿತ್ಸೆಯನ್ನೂ ಕೊಡಿಸಬೇಕೇ?

ಗಡ್ಡೆಗೆ ಮಾತ್ರ ಗುರಿಯಿಟ್ಟು ಕೊಡುವ ವಿಕಿರಣದಿಂದ ಕ್ಯಾನ್ಸರ್ ಕೋಶಗಳು ಒಡೆದು, ಅವುಗಳ ಪ್ರೋಟೀನುಗಳು ರೋಗನಿರೋಧಕ ವ್ಯವಸ್ಥೆಯ ಗಮನಕ್ಕೆ ಬರುತ್ತವೆ. ಆ ವ್ಯವಸ್ಥೆಯ ಮೇಲಿರುವ ತಡೆಯನ್ನು ಇಮ್ಯುನೊಥೆರಪಿಯಲ್ಲಿ ಕೊಡುವ ಪೆಂಬ್ರೊಲಿಜುಮ್ಯಾಬ್ ಔಷಧಿ ತೆಗೆಯುವುದರಿಂದ, ವಿಕಿರಣ ತಾಗದ ಗಡ್ಡೆಗಳೂ ಕುಗ್ಗಬಹುದೆಂಬುದು ನಿರೀಕ್ಷೆ. 2019ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸಿನ ಸಣ್ಣ ಅಧ್ಯಯನವೊಂದರಲ್ಲಿ ಔಷಧಿಯನ್ನಷ್ಟೇ ಪಡೆದವರಲ್ಲಿ ಶೇ. 18ರಷ್ಟು, ಮೊದಲು ವಿಕಿರಣವನ್ನೂ ಪಡೆದವರಲ್ಲಿ ಶೇ. 36ರಷ್ಟು ರೋಗಿಗಳು ಸ್ಪಂದಿಸಿದರು. ಆದರೂ ಮೊದಲೇ ಗೊತ್ತುಪಡಿಸಿದ್ದ ಗುರಿಯನ್ನು ಅದು ಮುಟ್ಟಲಿಲ್ಲ. ಹೀಗಾಗಿ ಎಲ್ಲರಿಗೂ ಬೇಕೆನ್ನಲಾಗದು. ರೋಗ ಕೆಲವೇ ಕಡೆ ಹರಡಿದ್ದರೆ ವೈದ್ಯರಲ್ಲಿ ಖಂಡಿತ ವಿಚಾರಿಸಿ. ಎರಡು ಚಿಕಿತ್ಸೆಗಳೂ ಶ್ವಾಸಕೋಶದ ಉರಿಯೂತವನ್ನು ತರಬಲ್ಲವು; ಆದ್ದರಿಂದ ಮಣಿಪಾಲದಲ್ಲೋ ಹುಬ್ಬಳ್ಳಿಯಲ್ಲೋ ಚಿಕಿತ್ಸೆ ಪಡೆದು ಊರಿಗೆ ಮರಳಿ ತಿಂಗಳುಗಳಾದ ಮೇಲೂ ಹೊಸದಾಗಿ ಒಣಕೆಮ್ಮು, ಏದುಸಿರು ಕಂಡರೆ, ಮಳೆಗಾಲದ ಶೀತವೆಂದು ಸುಮ್ಮನಿರದೆ ಅದೇ ದಿನ ಚಿಕಿತ್ಸೆ ಕೊಟ್ಟ ವೈದ್ಯರಿಗೆ ತಿಳಿಸಿ.