ಊರೂರು ತಿರುಗುವ ಸಿಬ್ಬಂದಿಗೆ ಆಫೀಸಿನ ಸರ್ವರ್ ಕೊಡಬೇಕು: ರಿಮೋಟ್ ಡೆಸ್ಕ್‌ಟಾಪ್ ಸಾಕಾ, ವಿಪಿಎನ್ ಬೇಕಾ?

ನಿಮ್ಮ ಪರಿಸ್ಥಿತಿ ನನಗೆ ಅರ್ಥವಾದದ್ದು ಹೀಗೆ. ಹುಬ್ಬಳ್ಳಿ ಆಫೀಸಿನಲ್ಲಿ ಟ್ಯಾಲಿ ಇರುವ ಒಂದೇ ಸರ್ವರ್. ಜಿಲ್ಲೆ ಜಿಲ್ಲೆ ಸುತ್ತುವ 30 ಜನ ಸೇಲ್ಸ್ ಮತ್ತು ಸರ್ವೀಸ್ ಹುಡುಗರು ಲಾಡ್ಜಿನಿಂದಲೇ ಸ್ಟಾಕ್ ನೋಡಬೇಕು. ಅದಕ್ಕೆ ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ (ದೂರದಿಂದಲೇ ಸರ್ವರ್‌ನ ಸ್ಕ್ರೀನ್ ತೆರೆದು ಕೆಲಸ ಮಾಡುವುದು) ಪೋರ್ಟ್, ಅಂದರೆ ಅದರ ಬಾಗಿಲು, ತೆರೆದಿದ್ದೀರಿ, ಎಲ್ಲರಿಗೂ ಒಂದೇ ಪಾಸ್‌ವರ್ಡ್.

ಇದು ಸಾಲದು. ಮುಂದಿನದನ್ನು ಆಮೇಲೆ ಓದಿ, ಮೊದಲು ಆ 3389 ಪೋರ್ಟ್ ಮುಚ್ಚಿ. ಅದು ಎಲ್ಲೆಲ್ಲಿ ತೆರೆದಿದೆ ಎಂದು ಹುಡುಕುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ಸಣ್ಣ ಕಂಪನಿ ಪಾಪ ಅಂತ ಅವು ಬಿಡುವುದಿಲ್ಲ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಹೊರಬಂತಲ್ಲ, ಆಗ ಹಳೆಯ ವಿಂಡೋಸ್‌ಗಳಿಗೆ ಪಾಸ್‌ವರ್ಡೇ ಇಲ್ಲದೆ ನುಗ್ಗಬಹುದಿತ್ತು. ಪೋರ್ಟ್ ನಂಬರ್ ಬದಲಾಯಿಸಿದರೂ ಪ್ರಯೋಜನ ಕಡಿಮೆ.

ಹಾಗಾಗಿ ವಿಪಿಎನ್ ಬೇಕೇ ಬೇಕು, ಅಂದರೆ ಇಂಟರ್ನೆಟ್ ಮೇಲೆ ಆಫೀಸಿನವರೆಗೆ ಒಂದು ಗುಪ್ತ ದಾರಿ; ರಿಮೋಟ್ ಡೆಸ್ಕ್‌ಟಾಪ್ ಅದರ ಒಳಗೆ ಮಾತ್ರ ನಡೆಯಲಿ. ಯಾವ ವಿಪಿಎನ್ ಅಂದರೆ, ನಿಮಗೆ ನಾನು ವೈರ್‌ಗಾರ್ಡ್ ಹೇಳುತ್ತೇನೆ. ಹಣ ಕೊಡಬೇಕಿಲ್ಲ, 2020ರಿಂದ ಲಿನಕ್ಸ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ, 30 ಜನಕ್ಕೆ ಒಂದು ಹಳೆಯ ಪಿಸಿ ಸಾಕು. ತಿರುಗಾಡುವವರಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಹುಡುಗ ಮೊಬೈಲ್ ಡೇಟಾದಿಂದ ಲಾಡ್ಜಿನ ವೈಫೈಗೆ ಬಂದರೆ ಮತ್ತೆ ಲಾಗಿನ್ ಆಗಬೇಕಿಲ್ಲ. ಅವನ ಕೀಯಿಂದ (ಅವನ ಸಾಧನದಲ್ಲಿರುವ ಗುಪ್ತ ಸಂಕೇತ) ಮುಂದಿನ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಎಲ್ಲಿಂದ ಬಂತೋ ಅದೇ ಅವನ ಹೊಸ ವಿಳಾಸ ಎಂದು ಆ ವಿಪಿಎನ್ ಪಿಸಿ ತಿಳಿದುಕೊಳ್ಳುತ್ತದೆ. ಕೀ ಇಲ್ಲದವರು ತಟ್ಟಿದರೆ ಉತ್ತರವನ್ನೇ ಕೊಡುವುದಿಲ್ಲ. ಒಂದು ತೊಂದರೆ ಇದೆ: ಕೆಲವು ಲಾಡ್ಜ್‌ಗಳ ವೈಫೈನಲ್ಲಿ ಯುಡಿಪಿ (ವೈರ್‌ಗಾರ್ಡ್ ಡೇಟಾ ಕಳಿಸುವ ವಿಧಾನ) ಬಂದ್ ಮಾಡಿರುತ್ತಾರೆ. ಅಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳಲು ಹೇಳಿ.

ಆಫೀಸಿನ ಒಳಗಿನ ಐಪಿ (ನೆಟ್‌ವರ್ಕ್ ವಿಳಾಸ) 192.168.1 ಅಥವಾ 192.168.0 ಸಾಲಿನಲ್ಲಿದ್ದರೆ ಈಗಲೇ ಬದಲಾಯಿಸಿ. ಮನೆಯ ರೂಟರ್‌ಗಳಲ್ಲಿ ಜಾಸ್ತಿ ಇರುವುದು ಅದೇ. ಎರಡೂ ಒಂದೇ ಆದರೆ ಹುಡುಗ ಸರ್ವರ್ ಹುಡುಕುತ್ತಾ ತನ್ನ ಮನೆಯ ಟಿವಿಗೆ ಹೋಗಿ ಬಡಿಯುತ್ತಾನೆ. 10.47.20 ತರಹದ್ದು ಏನಾದರೂ ಇಡಿ. ಕನೆಕ್ಟ್ ಆಗುತ್ತೆ, ಆದರೆ ಸ್ಕ್ರೀನ್ ಬರಲ್ಲ ಎಂಬ ದೂರು ಬಂದರೆ ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ ನೋಡಿ. ಮತ್ತೆ, ವಿಪಿಎನ್ ಒಳಗೆ ಬಂದವರಿಗೆ ಇಡೀ ಆಫೀಸನ್ನು ತೆರೆದಿಡಬೇಡಿ. ಆ ಒಂದು ಸರ್ವರ್, ಆ ಒಂದು ಪೋರ್ಟ್, ಅಷ್ಟೇ.

ಇಷ್ಟೆಲ್ಲ ಒಂದು ಶನಿವಾರದ ಕೆಲಸ. ನಿಜವಾದ ಕೆಲಸ ಶುರುವಾಗುವುದು ಆಮೇಲೆ: ಯಾರ ಹತ್ತಿರ ಯಾವ ಕೀ ಇದೆ ಎಂಬ ಲೆಕ್ಕ ಇಡುವುದು.

ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹುಡುಗನ ಲ್ಯಾಪ್‌ಟಾಪ್ ರಾತ್ರಿ ಬಸ್ಸಿನಲ್ಲಿ ಕಳುವಾಯಿತು. ಬೈಗುಳಕ್ಕೆ ಹೆದರಿ ಅವನು ಮೂರು ದಿನ ಬಾಯಿ ಬಿಡಲಿಲ್ಲ. ಹೇಳಿದ ಮೇಲೆ ನಾನು ಕೀ ತೆಗೆಯಲು ಕೂತರೆ, ಪಟ್ಟಿಯಲ್ಲಿ ಇದ್ದ ಹೆಸರುಗಳು 'ಹೊಸ ಲ್ಯಾಪ್‌ಟಾಪ್', 'ಫೋನ್ 2', 'ಟೆಸ್ಟ್'. ಅವನದು ಯಾವುದು ಎಂದು ಪತ್ತೆ ಮಾಡಲು ಎರಡು ಗಂಟೆ ಬೇಕಾಯಿತು. ಆ ಎರಡು ಗಂಟೆ ನನ್ನ ಕೈ ನಡುಗುತ್ತಿತ್ತು. ಅವತ್ತಿನಿಂದ ಪ್ರತಿ ಕೀಗೂ ಆಳಿನ ಹೆಸರು, ಸಾಧನ, ಕೊಟ್ಟ ತಾರೀಕು ಬರೆಯುತ್ತೇನೆ. ಮಾಲೀಕರ ಹತ್ತಿರವೂ ಒಂದು ಮಾತು ತೆಗೆದುಕೊಂಡೆ: ಕಳೆದುಹೋಯಿತು ಎಂದು ತಕ್ಷಣ ಫೋನ್ ಮಾಡಿದವರನ್ನು ಯಾರೂ ಬೈಯಬಾರದು. ದಯವಿಟ್ಟು ನೀವೂ ಇದನ್ನು ಮಾಡಿಸಿ.

ಒಂದು ಸಾಧನಕ್ಕೆ ಒಂದೇ ಕೀ. ಒಂದೇ ಕೀಯನ್ನು ಇಬ್ಬರ ಫೋನಿಗೆ ಹಾಕಿದರೆ, ಒಬ್ಬನೇ ಊರು ಬದಲಾಯಿಸುತ್ತಿದ್ದಾನೆ ಎಂದು ವಿಪಿಎನ್ ಪಿಸಿ ತಿಳಿಯುತ್ತದೆ. ಕೊನೆಗೆ ಮಾತಾಡಿದವನಿಗೆ ಉತ್ತರ ಹೋಗುತ್ತದೆ, ಇನ್ನೊಬ್ಬನದು ನಿಲ್ಲುತ್ತದೆ. ನೀವು ಸುಮ್ನೆ ನೆಟ್‌ವರ್ಕ್ ಸರಿಯಿಲ್ಲ ಎಂದು ವಾರಗಟ್ಟಲೆ ಒದ್ದಾಡುತ್ತೀರಿ.

ಕೆಲಸ ಬಿಟ್ಟವರ ಕೀಯನ್ನು ಅದೇ ದಿನ ತೆಗೆಯಿರಿ. ನಾನು ಪ್ರತಿ ತಿಂಗಳು ಸಂಬಳದ ಪಟ್ಟಿಯನ್ನೂ ಕೀಗಳ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. 2021ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್ ದಿನಗಟ್ಟಲೆ ನಿಂತಿತ್ತು, ನೆನಪಿದೆಯಾ? ದಾಳಿಕೋರರು ಒಳಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು. ಕಂಪನಿ ಕೊಟ್ಟ ಸುಲಿಗೆ ಹಣ ಸುಮಾರು 44 ಲಕ್ಷ ಡಾಲರ್.

ವೈರ್‌ಗಾರ್ಡ್‌ನಲ್ಲಿ ಓಟಿಪಿ ಇಲ್ಲ. ಹಾಗಾಗಿ ಸರ್ವರ್‌ನ ಲಾಗಿನ್‌ಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಯೂಸರ್ ಮಾಡಿ, ಮೇಲೆ ಓಟಿಪಿ ಹಾಕಿಸಿ. ಎಸ್‌ಎಂಎಸ್ ಬೇಡ, ಫೋನಿನ ಆಪ್‌ನಲ್ಲೇ 30 ಸೆಕೆಂಡಿಗೊಮ್ಮೆ ಬದಲಾಗುವ ನಂಬರ್ ಇರಲಿ. ವೈಫೈ ಇದ್ದು ಸಿಗ್ನಲ್ ಇಲ್ಲದ ಮಲೆನಾಡಿನ ಊರಲ್ಲೂ ಅದು ಬರುತ್ತದೆ. ಸರ್ವರ್ ಲಾಗ್‌ಗಳನ್ನು (ಯಾರು ಯಾವಾಗ ಬಂದರು ಎಂಬ ದಾಖಲೆ) 180 ದಿನ ಉಳಿಸಿ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದಲ್ಲಿ ಅದು ಇದೆ, ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕು ಎಂದೂ ಇದೆ.

ನಿಮ್ಮ ಬ್ರಾಡ್‌ಬ್ಯಾಂಡ್‌ಗೆ ಸ್ಟ್ಯಾಟಿಕ್ (ಬದಲಾಗದ) ಐಪಿ ಇದೆಯಾ ಎಂದು ಒಮ್ಮೆ ಕೇಳಿ. ಈಗಿನ ಐಪಿ ದಿನಕ್ಕೊಂದು ಬದಲಾಗುತ್ತಿದ್ದರೆ ಹುಡುಗರ ಕೈಯಲ್ಲಿರುವ ವಿಳಾಸ ಹಳಸುತ್ತದೆ. ಸ್ಟ್ಯಾಟಿಕ್ ಸಿಗದಿದ್ದರೆ ಇಲ್ಲೇ ಬರೆಯಿರಿ, ಬಾಡಿಗೆ ಸರ್ವರ್ ಒಂದನ್ನು ನಡುವೆ ಇಟ್ಟು ಹೇಗೆ ಮಾಡುವುದೆಂದು ಹೇಳುತ್ತೇನೆ.