16384 ಅಂದ ಮಾತ್ರಕ್ಕೆ ಗೆರೆ ಚೆನ್ನಾಗಿ ಬರುವುದಿಲ್ಲ

ಪ್ರಶ್ನೆ: ಡಿಜಿಟಲ್ ಚಿತ್ರ ಕಲಿಯಲು ಪೆನ್ ಟ್ಯಾಬ್ಲೆಟ್ (ಪೆನ್ನಿನಲ್ಲಿ ಎಳೆದ ಗೆರೆಯನ್ನು ಕಂಪ್ಯೂಟರ್‌ಗೆ ಕಳಿಸುವ ಹಲಗೆ) ಕೊಳ್ಳಬೇಕು ಅಂತಿದ್ದೇನೆ. ಒಂದರಲ್ಲಿ 8192 ಪ್ರೆಶರ್ ಲೆವೆಲ್ (ಪೆನ್ನು ಗುರುತಿಸುವ ಒತ್ತಡದ ಹಂತಗಳು) ಇದೆ, ಇನ್ನೊಂದರಲ್ಲಿ 16384. ಎರಡನೆಯದಕ್ಕೆ ದುಡ್ಡು ಜಾಸ್ತಿ. ಗೆರೆ ಎರಡು ಪಟ್ಟು ಚೆನ್ನಾಗಿ ಬರುತ್ತೆ ಅನ್ನುತ್ತಾರೆ. ಅದನ್ನೇ ತೆಗೆದುಕೊಳ್ಳಲಾ?

ಉತ್ತರ: ಈ ಪ್ರಶ್ನೆ ಬರದ ವಾರವೇ ಇಲ್ಲ. ಅಂಕಿ ಮಾತ್ರ ಬದಲಾಗುತ್ತಿರುತ್ತದೆ. ಮೊದಲು 1024 ಸಾಕಾ, 2048 ಬೇಕಾ ಅಂತ ಕೇಳುತ್ತಿದ್ದರು. ಆಮೇಲೆ 4096 ಬಂತು, 8192 ಬಂತು, ಈಗ ಇದು. ಈ ಅಂಕಿಯನ್ನು ಡಬ್ಬದ ಮೇಲೆ ದಪ್ಪಗೆ ಅಚ್ಚು ಹಾಕಿ ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಂದು ಗೆರೆಯನ್ನೂ ಎಳೆಯದೆ, ಡಬ್ಬ ಬಿಚ್ಚಿ ತೋರಿಸಿ 'ಬೆಸ್ಟ್' ಅನ್ನುವ ವಿಡಿಯೊದವರನ್ನು ಕಂಡರೂ ಅಷ್ಟೇ.

ಲೆಕ್ಕ ನೋಡಿ. ನಾವು ಸಾಮಾನ್ಯವಾಗಿ ಬಿಡಿಸುವುದು 8 ಬಿಟ್ ಚಿತ್ರ. ಅದರಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. ಒತ್ತಿದಷ್ಟೂ ಗಾಢವಾಗುವ ಬ್ರಶ್‌ನಲ್ಲಿ ಬಿಳಿಯಿಂದ ಕಪ್ಪಿನವರೆಗೆ ಸಿಗುವುದು ಆ 256 ಛಾಯೆಗಳೇ. ಇನ್ನು ಒತ್ತಿದರೆ ದಪ್ಪವಾಗುವ 40 ಪಿಕ್ಸೆಲ್ ಬ್ರಶ್ ತೆಗೆದುಕೊಳ್ಳಿ. ಅದರಲ್ಲಿ ಸಾವಿರಾರು ಬಗೆಯ ದಪ್ಪವನ್ನು ಯಾವ ಕಣ್ಣು ಗುರುತಿಸುತ್ತದೆ? ನಾನು 2048ರ ಪೆನ್ನಿನಲ್ಲೇ ವರ್ಷಗಟ್ಟಲೆ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದಿದ್ದೇನೆ. ಲೆವೆಲ್ ಸಾಲಲಿಲ್ಲ ಅಂತ ಒಂದು ದಿನವೂ ಅನ್ನಿಸಿಲ್ಲ.

ಕೈಗೆ ನಿಜವಾಗಿ ತಿಳಿಯುವುದು ಪೆನ್ನಿನ ಮೊದಲ ಸ್ಪರ್ಶ. ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ ಅನ್ನೋದು. ರೆಪ್ಪೆಗೂದಲು ಬಿಡಿಸುವಾಗ ಗೆರೆ ನೂಲಿನ ಹಾಗೆ ಹುಟ್ಟಿ, ನಡುವೆ ತುಂಬಿಕೊಂಡು, ನೂಲಿನ ಹಾಗೆ ಮುಗಿಯಬೇಕು. ಕೆಲವು ಪೆನ್ನುಗಳು ಜೋರಾಗಿ ಒತ್ತುವವರೆಗೂ ಸುಮ್ನೆ ಇರುತ್ತವೆ. ಆಮೇಲೆ ಗೆರೆ ಚುಕ್ಕೆ ಇಟ್ಟ ಹಾಗೆ ದಪ್ಪಕ್ಕೆ ಬೀಳುತ್ತದೆ. ಪರೀಕ್ಷೆ ಸುಲಭ. ಪೆನ್ನಿನ ಹಿಂಬದಿಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು, ಅದರ ಭಾರದಲ್ಲೇ ಎಳೆಯಿರಿ. ಗೆರೆ ಮೂಡಿದರೆ ಒಳ್ಳೆಯ ಪೆನ್ನು. ಮೂಡದಿದ್ದರೆ ದಿನವಿಡೀ ಒತ್ತುತ್ತಲೇ ಇರಬೇಕು, ಸಂಜೆಗೆ ಹೆಬ್ಬೆರಳ ಬುಡ ಹಿಡಿದುಕೊಳ್ಳುತ್ತದೆ. ಡ್ರೈವರ್‌ನಲ್ಲಿ (ಟ್ಯಾಬ್ಲೆಟ್ ನಡೆಸುವ ಸಾಫ್ಟ್‌ವೇರ್‌ನಲ್ಲಿ) ಪ್ರೆಶರ್ ಕರ್ವ್, ಅಂದರೆ ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಅನ್ನುವ ಹೊಂದಾಣಿಕೆ, ತಿದ್ದಿಕೊಳ್ಳಿ ಅಂತ ಹೇಳುವವರಿದ್ದಾರೆ. ಪೆನ್ನಿಗೆ ಸ್ಪರ್ಶ ತಿಳಿದ ಮೇಲೆ ತಾನೇ ಕರ್ವ್‌ಗೆ ಕೆಲಸ? ತಿಳಿಯದ್ದನ್ನು ಅದು ಎಲ್ಲಿಂದ ತರುತ್ತದೆ?

ಇನ್ನೊಂದು, ಓರೆ ಗೆರೆ. ಮೊದಲು ಸ್ಟೆಬಿಲೈಸರ್ ಅನ್ನು ಸೊನ್ನೆಗೆ ಇಳಿಸಿ. ಅದು ಆನ್ ಆಗಿದ್ದರೆ ಎಂಥ ನಡುಗುವ ಗೆರೆಯೂ ನುಣ್ಣಗೆ ಕಾಣುತ್ತದೆ, ತೋರಿಸುವವರು ಅದನ್ನು ಆನ್ ಮಾಡಿಯೇ ಇಟ್ಟಿರುತ್ತಾರೆ. ಸ್ಕೇಲನ್ನು ಓರೆಯಾಗಿಟ್ಟು, ಪೆನ್ನನ್ನು ಅದಕ್ಕೆ ತಾಗಿಸಿ ತುಂಬಾ ನಿಧಾನವಾಗಿ ಎಳೆಯಿರಿ. ಆಮೇಲೆ ಜೂಮ್ ಮಾಡಿ ನೋಡಿ. ಗೆರೆ ಹಾವು ಹರಿದ ಹಾಗೆ ಬಂದಿದ್ದರೆ ಅದು ಬೇಡ. ಮೇಲ್ಮೈ ಅಡಿಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೆನ್ಸರ್‌ನ ಗೆರೆಗಳ ಬಲೆ ಇರುತ್ತದೆ. ಎರಡು ಗೆರೆಗಳ ನಡುವೆ ಪೆನ್ನು ಎಲ್ಲಿದೆ ಅನ್ನೋದನ್ನು ಟ್ಯಾಬ್ಲೆಟ್ ಲೆಕ್ಕ ಹಾಕಿಯೇ ತಿಳಿಯಬೇಕು. ಲೆಕ್ಕ ಚೂರು ಚೂರು ತಪ್ಪುತ್ತಾ ಹೋದರೆ ಅಲೆ ಬರುತ್ತದೆ. ಸರ್ರನೆ ಎಳೆದರೆ ಅದು ಕಾಣುವುದಿಲ್ಲ.

ಈ ಪರೀಕ್ಷೆ ಮಾಡದೆ ನಾನೇ ಒಂದು ಪೆನ್ ಡಿಸ್‌ಪ್ಲೇ (ಸ್ಕ್ರೀನ್ ಮೇಲೆಯೇ ಬರೆಯುವ ಟ್ಯಾಬ್ಲೆಟ್) ಕೊಂಡಿದ್ದೆ. ಒಂದು ಕಥೆಗೆ ಮನೆಯ ಮೆಟ್ಟಿಲು, ಇಳಿಜಾರು ಚಾವಣಿ ಬರೆದರೆ ಓರೆ ಗೆರೆಗಳೆಲ್ಲ ಅಲೆಅಲೆ. ಕೈ ನಡುಗುತ್ತಿದೆಯೇನೋ ಅಂತ ಒಂದು ತಿಂಗಳು ಹೆದರಿದ್ದೆ. ಈಗ ಕೈಯಲ್ಲಿ ಹಿಡಿದು ನೋಡದೆ, ಅಥವಾ ವಾಪಸ್ ಕೊಡುವ ಖಾತ್ರಿ ಇಲ್ಲದೆ, ಯಾವುದನ್ನೂ ಕೊಳ್ಳುವುದಿಲ್ಲ. ನೀವೂ ಕೊಳ್ಳಬೇಡಿ. ನೀವು ಹೇಳಿದ ಎರಡೂ ಈ ಎರಡು ಪರೀಕ್ಷೆ ದಾಟಿದರೆ, ಕಡಿಮೆ ಬೆಲೆಯದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಸ್ಕ್ರೀನ್ ಇಲ್ಲದ ಟ್ಯಾಬ್ಲೆಟ್‌ನಲ್ಲಿ ಕೈ ಒಂದು ಕಡೆ, ಕಣ್ಣು ಒಂದು ಕಡೆ. ಚಿತ್ರ ಬರೆಯೋಕಾಗುತ್ತಾ?

ಉತ್ತರ: ಆಗುತ್ತದೆ. ಮೌಸ್ ಹಿಡಿದಾಗ ಕೈ ನೋಡುತ್ತೀರಾ? ಎರಡು ವಾರ ಬಿಡದೆ ಬರೆಯಿರಿ. ಬಗ್ಗಿ ಕೂರಬೇಕಿಲ್ಲವಾದ್ದರಿಂದ ಕತ್ತಿಗೂ ಇದೇ ಒಳ್ಳೆಯದು. ವೃತ್ತ ಎಳೆದರೆ ಮೊಟ್ಟೆ ಬರುತ್ತಿದ್ದರೆ ನಿಮ್ಮ ಕೈಯನ್ನು ಬೈದುಕೊಳ್ಳಬೇಡಿ. ಡ್ರೈವರ್‌ನಲ್ಲಿ ಟ್ಯಾಬ್ಲೆಟ್‌ನ ಉದ್ದ-ಅಗಲವನ್ನು ಮಾನಿಟರ್‌ನ ಅನುಪಾತಕ್ಕೆ ಹೊಂದಿಸಿ.

ಪ್ರಶ್ನೆ: ಐಪ್ಯಾಡ್ ಇದೆ. ಅಗ್ಗದ ಆಪಲ್ ಪೆನ್ಸಿಲ್ ಸಾಕಲ್ವಾ?

ಉತ್ತರ: ನೋಟ್ಸ್ ಬರೆಯೋಕೆ ಸಾಕು, ಚಿತ್ರಕ್ಕೆ ಸಾಲದು. 2023ರಲ್ಲಿ ಬಂದ ಯುಎಸ್‌ಬಿ-ಸಿ ಪೆನ್ಸಿಲ್‌ಗೆ ಒತ್ತಡ ತಿಳಿಯುವುದೇ ಇಲ್ಲ. ಪೆನ್ನು ಓರೆ ಮಾಡಿದ್ದು ತಿಳಿಯುತ್ತದೆ, ಅಷ್ಟೇ. ಎಲ್ಲ ಪೆನ್ಸಿಲ್ ಎಲ್ಲ ಐಪ್ಯಾಡ್‌ಗೂ ಹೊಂದುವುದಿಲ್ಲ, ನಿಮ್ಮ ಮಾಡೆಲ್ ನೋಡಿಕೊಂಡು ಕೊಳ್ಳಿ.

ಪ್ರಶ್ನೆ: ರಬ್ಬರ್ ತುದಿಯ ಸ್ಟೈಲಸ್‌ನಲ್ಲೂ ಪ್ರೆಶರ್ ಬರುತ್ತೆ ಅಂತ ಹೇಳಿ ಮಾರಿದರು. ಬರುತ್ತಿಲ್ಲ.

ಉತ್ತರ: ನಿಮಗೆ ಸುಳ್ಳು ಹೇಳಿದ್ದಾರೆ. ವಾಪಸ್ ಕೊಡಿ.

ಪ್ರಶ್ನೆ: ಬೇರೆ ಕಂಪನಿಯ ಟ್ಯಾಬ್ಲೆಟ್ ಹಾಕಿದ ಮೇಲೆ ಪ್ರೆಶರ್ ಕೆಲಸ ಮಾಡುತ್ತಿಲ್ಲ.

ಉತ್ತರ: ಹಳೆಯ ಡ್ರೈವರ್ ಪೂರ್ತಿ ತೆಗೆದುಹಾಕಿ, ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದನ್ನು ಹಾಕಿ.

ಪ್ರಶ್ನೆ: ಟ್ಯಾಬ್ಲೆಟ್ ಮೇಲೆ ಗೀರು ಬೀಳುತ್ತಿದೆ. ಕಳಪೆ ಮಾಲು ಸಿಕ್ಕಿತಾ?

ಉತ್ತರ: ಪೆನ್ನಿನ ತುದಿಯ ನಿಬ್ ತೆಗೆದು ಬೆಳಕಿಗೆ ಹಿಡಿದು ನೋಡಿ. ನೀವು ಪೆನ್ನು ಓರೆ ಹಿಡಿಯುವ ಕಡೆಗೆ ಅದು ಉಳಿಯ ಬಾಯಿಯ ಹಾಗೆ ಚಪ್ಪಟೆಯಾಗಿ ಸವೆದಿರುತ್ತದೆ. ಆ ಅಂಚನ್ನು ಉಗುರಿನ ಮೇಲೆ ಎಳೆಯಿರಿ. ಚುರುಕ್ ಅಂದರೆ ಗೀರುತ್ತಿರುವುದು ಅದೇ. ಇವತ್ತೇ ಬದಲಿಸಿ.