ಆರಿಸಿದರೂ ಮಿಣುಕುವ ದೀಪ

ದೆವ್ವಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆ. ಮೂವತ್ತೊಂದು ವರ್ಷ ಲೈನ್‌ಮನ್ ಆಗಿ ರಾತ್ರಿ ಪಾಳಿ ಮಾಡಿದವನು ನಾನು. ಬಂದ ಪತ್ರಗಳನ್ನು ನೋಡಿದರೆ ದೆವ್ವ ಕಾಣುವುದರಲ್ಲಿ ಓದುಗರು ನನ್ನನ್ನು ಎಲ್ಲಿಯೋ ಹಿಂದೆ ಹಾಕಿದ್ದಾರೆ.

ಅಜ್ಜಿ ತೀರಿಕೊಂಡು ಏಳು ತಿಂಗಳಾಯಿತು. ಅವರ ಕೋಣೆಯ ಬಲ್ಬ್, ಸ್ವಿಚ್ ಆಫ್ ಮಾಡಿದ ಮೇಲೂ ಆಗಾಗ ಮಿಣುಕುತ್ತದೆ. ಮಳೆ ಹಿಡಿದ ಮೇಲೆ ಇನ್ನೂ ಹೆಚ್ಚಾಗಿದೆ. ಮನೆಯವರು ಶಾಂತಿ ಮಾಡಿಸೋಣ ಎನ್ನುತ್ತಿದ್ದಾರೆ. ಏನು ಮಾಡಲಿ?
— ಓದುಗರು, ತೀರ್ಥಹಳ್ಳಿ

ಉತ್ತರ ಬರೆಯುವ ಮೊದಲು ನಿಮಗೆ ಒಂದು ಕಾರ್ಡು ಹಾಕಿ, ಅಜ್ಜಿ ಇದ್ದಾಗ ಆ ಕೋಣೆಯಲ್ಲಿ ಯಾವ ಬಲ್ಬ್ ಇತ್ತು ಎಂದು ಕೇಳಿದ್ದೆ. 60 ವ್ಯಾಟಿನ ಹಳೆಯ ಗಾಜಿನ ಬಲ್ಬ್ ಇತ್ತು, ತಿಥಿಗೆ ಮೊದಲು ಸುಣ್ಣ ಹೊಡೆಸಿದಾಗ ಎಲ್‌ಇಡಿ ಹಾಕಿಸಿದೆವು ಎಂದು ನೀವು ಬರೆದಿರಿ. ಅಲ್ಲಿಗೆ ನನ್ನ ಅರ್ಧ ಕೆಲಸ ಮುಗಿಯಿತು.

ಸ್ವಿಚ್ಚನ್ನು ಕರೆಂಟು ತರುವ ಫೇಸ್ ತಂತಿಯ ಮೇಲೆ ಕೂರಿಸಬೇಕು. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಅದು ಕರೆಂಟು ವಾಪಸು ಹೋಗುವ ನ್ಯೂಟ್ರಲ್ ತಂತಿಯ ಮೇಲೆ ಕೂತಿರುತ್ತದೆ. ಹಾಗಿದ್ದರೆ ದೀಪ ಆರಿದರೂ ಹೋಲ್ಡರಿನಲ್ಲಿ 230 ವೋಲ್ಟ್ ನಿಂತೇ ಇರುತ್ತದೆ. ಒದ್ದೆ ಗೋಡೆಯ ಮೂಲಕವೋ, ಅಕ್ಕಪಕ್ಕ ಹರಿದ ತಂತಿಗಳ ಮೂಲಕವೋ ಸೂಜಿಮೊನೆಯಷ್ಟು ಕರೆಂಟು ಸೋರುತ್ತದೆ. ಹಳೆಯ ಬಲ್ಬಿನ ತಂತು ಕಾಯುವುದಕ್ಕೆ ಅದು ಎಲ್ಲಿಯೂ ಸಾಲದು. ಎಲ್‌ಇಡಿ ಒಳಗಿನ ಕೆಪಾಸಿಟರ್ ಮಾತ್ರ ಅದನ್ನೇ ತೊಟ್ಟು ತೊಟ್ಟಾಗಿ ಕೂಡಿಸಿಕೊಂಡು, ತುಂಬಿದಾಗ ಒಮ್ಮೆ ಮಿನುಗಿ, ಖಾಲಿಯಾಗಿ, ಮತ್ತೆ ಕೂಡಿಸಲು ತೊಡಗುತ್ತದೆ. ಮಳೆಗಾಲದಲ್ಲಿ ಗೋಡೆ ಒದ್ದೆಯಾಗಿ ಸೋರಿಕೆ ಹೆಚ್ಚುತ್ತದೆ. ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕವೂ ಹೀಗೆ ಆಗುವುದುಂಟು.

ಶಾಂತಿ ಮಾಡಿಸುವುದು ನಿಮ್ಮ ಇಷ್ಟ. ಆದರೆ ಪುರೋಹಿತರಿಗಿಂತ ಮೊದಲು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಬರಲಿ. ಅಲ್ಲಿಯವರೆಗೆ ಸ್ವಿಚ್ ಆಫ್ ಇದೆಯಲ್ಲ ಎಂದು ನಂಬಿ ಯಾರೂ ಆ ಬಲ್ಬಿಗೆ ಕೈ ಹಾಕಬೇಡಿ. ಮೇನ್ ಇಳಿಸಿಯೇ ಮುಟ್ಟಿ. ಆ ಕೋಣೆಯಲ್ಲಿ ಜೀವ ತೆಗೆಯುವಂಥದ್ದು ಒಂದು ಇರುವುದಂತೂ ನಿಜ.

ಬೆಂಗಳೂರಿನಲ್ಲಿ ಮನೆ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಂತೆ. ಹೌದೇ?
— ಪಿಯುಸಿ ವಿದ್ಯಾರ್ಥಿನಿ, ತುಮಕೂರು

ಹೌದಮ್ಮ, ತೊಂಬತ್ತರ ದಶಕದಲ್ಲಿ. ರಾತ್ರಿ ಬಾಗಿಲು ಬಡಿದು, ಮನೆಯವರದೇ ದನಿಯಲ್ಲಿ ಕರೆಯುವ ಹೆಣ್ಣು ದೆವ್ವ, ತೆರೆದವರು ಸಾಯುತ್ತಾರೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದಿದ್ದರೆ ಓದಿಕೊಂಡು ಹಿಂದಿರುಗಿ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಆಂಧ್ರದ ಕಡೆ ಇದೇ ದೆವ್ವಕ್ಕೆ ‘ಓ ಸ್ತ್ರೀ ರೇಪು ರಾ’ (ಓ ಹೆಣ್ಣೇ, ನಾಳೆ ಬಾ) ಎಂದು ತೆಲುಗಿನಲ್ಲಿ ಬರೆಯುತ್ತಿದ್ದರು. ಪಾಪ, ಎರಡು ಲಿಪಿ ಕಲಿತಿರಬೇಕು.

ಇದರಿಂದ ಕಷ್ಟಪಟ್ಟವನು ನಾನು. ಆಗ ನಗರದ ಅಂಚಿನ ಬಡಾವಣೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಫ್ಯೂಸ್ ಹೋಗಿದೆ ಎಂದು ದೂರು ಕೊಟ್ಟವರೇ, ಹೋಗಿ ಬಾಗಿಲು ಬಡಿದರೆ ತೆಗೆಯುತ್ತಿರಲಿಲ್ಲ. ಟಾರ್ಚ್ ಬಿಟ್ಟರೆ ಸೀಮೆಸುಣ್ಣದ ‘ನಾಳೆ ಬಾ’. ಒಂದು ಮನೆಯ ಮುಂದೆ ‘ಕರೆಂಟಿನವನು ಬಂದಿದ್ದೇನೆ’ ಎಂದು ಕೂಗಿದೆ. ‘ನಾಳೆ ಬಾರಪ್ಪ’ ಎಂದು ಒಳಗಿನಿಂದ ಅಜ್ಜಿಯೊಬ್ಬರ ನಡುಗುವ ದನಿ ಬಂತು. ನಾಳೆಯೇ ಹೋದೆ.

ಸತ್ತವರು ಯಾರು ಎಂದು ಆ ಬೀದಿಯಲ್ಲಿ ಕೇಳಿದರೆ, ‘ಇಲ್ಲಲ್ಲ, ನೀರಿನ ಟ್ಯಾಂಕಿನ ಆಚೆಯ ಬೀದಿ’ ಎಂದರು. ಮೀಟರ್ ನೋಡಲು ಟ್ಯಾಂಕಿನ ಆಚೆಗೆ ಹೋದಾಗ ಅಲ್ಲಿಯವರು ನಮ್ಮ ಈಚೆಯ ಬೀದಿಯನ್ನೇ ತೋರಿಸಿದರು.

ರಾಜಸ್ಥಾನದ ಭಾನಗಢ ಕೋಟೆಯಲ್ಲಿ ಸೂರ್ಯಾಸ್ತದ ನಂತರ ಪ್ರವೇಶವಿಲ್ಲ ಎಂಬ ಪುರಾತತ್ವ ಇಲಾಖೆಯ ಫಲಕವನ್ನು ಕಣ್ಣಾರೆ ಕಂಡೆ. ಬಂಗಾಳದಲ್ಲಿ ರೈಲು ನಿಲ್ದಾಣವನ್ನೇ ಮುಚ್ಚಿದ್ದರು. ಸರ್ಕಾರವೇ ಒಪ್ಪಿರುವಾಗ ನಿಮ್ಮದೇನು?
— ನಿವೃತ್ತ ಗುಮಾಸ್ತರು, ದಾವಣಗೆರೆ

ಗುಮಾಸ್ತರಾಗಿದ್ದವರು ನಿಯಮಾವಳಿ ನೋಡದೆ ಪತ್ರ ಬರೆದಿರಲ್ಲ! ಸಂರಕ್ಷಿತ ಸ್ಮಾರಕಗಳ 1959ರ ನಿಯಮಗಳ ಪ್ರಕಾರ, ಬೇರೆ ವೇಳೆ ಗೊತ್ತುಪಡಿಸದ ಸ್ಮಾರಕಗಳೆಲ್ಲ ತೆರೆದಿರುವುದೇ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ. ಭಾನಗಢ ಇರುವುದು ಸರಿಸ್ಕಾ ಹುಲಿ ಕಾಡಿನ ಅಂಚಿನಲ್ಲಿ. ಕತ್ತಲಾದ ಮೇಲೆ ಅಲ್ಲಿ ಎದುರಾಗುವುದು ಕೋಟೆಯ ಕಥೆಯಲ್ಲಿ ಬರುವ ಮಾಂತ್ರಿಕನ ಶಾಪವಲ್ಲ, ಚಿರತೆ.

ಇನ್ನು ಬೇಗುನ್‌ಕೋದರ್. ಪುರುಲಿಯಾ ಜಿಲ್ಲೆಯ ಆ ನಿಲ್ದಾಣ ಬಿಳಿ ಸೀರೆಯ ದೆವ್ವದ ಕಥೆಯಿಂದ 1967ರಲ್ಲಿ ಮುಚ್ಚಿದ್ದೂ ನಿಜ, 2009ರಲ್ಲಿ ಮತ್ತೆ ತೆರೆದದ್ದೂ ನಿಜ. 2017ರ ಡಿಸೆಂಬರಿನಲ್ಲಿ ವಿಚಾರವಾದಿಗಳ ತಂಡವೊಂದು ಅಲ್ಲಿ ರಾತ್ರಿ ಕಳೆಯಿತು. ವಿಚಿತ್ರ ಸದ್ದು ಕೇಳಿದತ್ತ ಟಾರ್ಚ್ ಬಿಟ್ಟಾಗ ಓಡಿದ್ದು ಮನುಷ್ಯರು. ಅಂಥ ಒಂಟಿ ಜಾಗದಲ್ಲಿ ಕೆಲಸ ಮಾಡಲು ಒಲ್ಲದ ನೌಕರರೇ ಕಥೆ ಕಟ್ಟಿದರು ಎಂಬ ಗುಮಾನಿ ಅಲ್ಲಿಯವರಿಗೇ ಇದೆ. ನನಗೆ ಇದು ಹೊಸದಲ್ಲ. ಮಲೆನಾಡಿನ ಒಂದು ಸಬ್‌ಸ್ಟೇಷನ್ನಿಗೆ ವರ್ಗವಾದವರೆಲ್ಲ ವಾರದೊಳಗೆ ಮೋಹಿನಿಯನ್ನು ಕಂಡು ಅರ್ಜಿ ಬರೆಯುತ್ತಿದ್ದರು. ಕ್ವಾರ್ಟರ್ಸಿನ ಸೋರುವ ಮಾಡು ರಿಪೇರಿಯಾದ ಮೇಲೆ ಮೋಹಿನಿ ಎಲ್ಲಿ ಹೋದಳೋ!

ಹುಣಸೆ ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಅದಕ್ಕೇ ಹಿರಿಯರು ಕೆಳಗೆ ಮಲಗಬೇಡಿ ಎಂದರು. ಇದು ವಿಜ್ಞಾನವಲ್ಲವೇ?
— ಶಿಕ್ಷಕರು, ಗದಗ

ಅದೇ ಗಾಳಿಯನ್ನು ಪಕ್ಕದಲ್ಲಿ ಮಲಗಿದ ಹೆಂಡತಿಯೂ ಬಿಡುತ್ತಾರೆ. ಬಯಲಿನಲ್ಲಿ ಅದು ಚದುರಿಹೋಗುತ್ತದೆ. ದೆವ್ವಕ್ಕೆ ಬಿಳಿ ಕೋಟು ತೊಡಿಸಬೇಡಿ, ಮೇಷ್ಟ್ರೇ.

ನಿಜ ಹೇಳಿ, ನೀವು ಒಮ್ಮೆಯೂ ಹೆದರಿಲ್ಲವೇ?
— ಗೃಹಿಣಿ, ಹಾಸನ

ಹೆದರಿದ್ದೇನೆ. ಕೆಲಸಕ್ಕೆ ಸೇರಿದ ಮೊದಲ ಮಳೆಗಾಲ, ಸಕಲೇಶಪುರದ ಕಡೆ. ಜಿನುಗು ಮಳೆಯಲ್ಲಿ ಹಿರಿಯ ಲೈನ್‌ಮನ್ ಒಬ್ಬರ ಜೊತೆ ಲೈನ್ ನೋಡುತ್ತಾ ಹೊರಟಿದ್ದೆ. ಗದ್ದೆಯಾಚೆ, ಆಳೆತ್ತರಕ್ಕೂ ಮೇಲೆ, ನೀಲಿ ಬೆಳಕೊಂದು ಉಸಿರಾಡುತ್ತಿತ್ತು. ಹಾವಿನಂತೆ ಬುಸುಗುಡುತ್ತಲೂ ಇತ್ತು. ಕೊಳ್ಳಿದೆವ್ವ ಎಂದು ಊರವರು ಹೇಳುತ್ತಿದ್ದದ್ದು ಅದನ್ನೇ. ನನ್ನ ಕಾಲು ಕಿತ್ತಿಡಲಾಗಲಿಲ್ಲ.

ಕಂಬದ ಮೇಲಿನ ಪಿಂಗಾಣಿ ಇನ್ಸುಲೇಟರ್ ಬಿರುಕು ಬಿಟ್ಟು, ಮಳೆನೀರಿನ ಹಾದಿ ಹಿಡಿದು ಕರೆಂಟು ಹರಿಯುತ್ತಿತ್ತು. ಹಿರಿಯರು ನನ್ನ ಹೆಗಲು ಹಿಡಿದು ನಿಲ್ಲಿಸಿ ಹೇಳಿದ್ದಿಷ್ಟೇ: ‘ದೆವ್ವವಾಗಿದ್ದರೆ ಮಾತಾಡಿಸಿಕೊಂಡೇ ಹೋಗಬಹುದಿತ್ತು. ಅದು ಹನ್ನೊಂದು ಸಾವಿರ ವೋಲ್ಟು, ದೂರ ನಿಲ್ಲು.’